ಭಾರವೆಷ್ಟು, ಭಾರವೆಲ್ಲಿ?

ವಿಮಾನದ ತೂಕ ಮತ್ತು ಸಮತೋಲವನ್ನು ಕುರಿತು ಒಂದು ಪಾಠ



ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಉದ್ಯೋಗಕ್ಕಾಗಿ ಕೊಲ್ಲಿ ದೇಶಕ್ಕೆ ಹೊರಟಿದ್ದನು. ಪ್ರಯಾಣದ ಮುನ್ನಾದಿನ ಸಂಜೆ ಅವನನ್ನು ಹರಸಿ ಬರೋಣವೆಂದು ನಾವು ಮಾನಂದವಾಡಿಯ ಹೊರವಲಯದಲ್ಲಿರುವ ಅವನ ಮನೆಗೆ ಹೋದಾಗ, ಜಗುಲಿಯ ಮೇಲೆ ಪೆಟ್ಟಿಗೆ ಕಟ್ಟುವ ಸಡಗರವು ನಡೆದಿತ್ತು. ಕಾಫಿಪುಡಿ, ಕರಿಮೆಣಸು, ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ ಎಂದು ತಾಯಿಯ ಮಮತೆಯೆಲ್ಲವೂ ಆ ಪೆಟ್ಟಿಗೆಯನ್ನು ಸೇರಿತ್ತು. ಮೆಣಸು ತೂಗುವ ತಕ್ಕಡಿಗೆ ಪೆಟ್ಟಿಗೆಯನ್ನು ಏರಿಸಿ ನೋಡಲು, ಟಿಕೀಟಿನಲ್ಲಿ ನಮೂದಿಸಿದ್ದ ಮಿತಿಗಿಂತ ನಾಲ್ಕು ಕಿಲೋ ಹೆಚ್ಚಾಯಿತು.

ಅಲ್ಲಿದ್ದ ಹಿರಿಯರೊಬ್ಬರು ಒಂದು ಉಪಾಯವನ್ನು ಹೇಳಿದರು: "ಆ ನಾಲ್ಕು ಕಿಲೋವನ್ನು ಹೊರತೆಗೆದು ಹೆಗಲಚೀಲಕ್ಕೂ ಕೋಟಿನ ಜೇಬಿಗೂ ತುಂಬಿಸಿರಿ. ಹೆಗಲಚೀಲವನ್ನು ಯಾರು ತೂಗಿಯಾರು?" ಹುಡುಗನು ನಮ್ಮ ಮುಖವನ್ನು ನೋಡಿದನು. ಅವನ ತಂದೆಯವರು, "ಮೇಷ್ಟ್ರೇ, ಒಂದು ಊರಿನ ಜನವನ್ನೇ ಹೊತ್ತು ಹಾರುವ ವಿಮಾನಕ್ಕೆ ನಾಲ್ಕು ಕಿಲೋ ಒಂದು ಭಾರವೇ? ನೀವೇ ಹೇಳಿ" ಎಂದರು.

ನಾವು ಹಲವು ವರ್ಷಗಳಿಂದ ಮೇಲಿನ ತರಗತಿಗಳಿಗೆ ವಿಜ್ಞಾನವನ್ನು ಬೋಧಿಸುತ್ತ ಬಂದವರು. ಆದರೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. "ಭಾರವಲ್ಲ" ಎಂದರೆ ಅದು ಅರ್ಧ ಸುಳ್ಳು. "ಭಾರವೇ ಸರಿ" ಎಂದರೆ ಅದೂ ಪೂರ್ಣ ಸತ್ಯವಲ್ಲ. ಅಂದು ಜಗುಲಿಯ ಮೇಲೆ ಹೇಳಲಾಗದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಕ್ರಮವಾಗಿ ಹೇಳಲು ಯತ್ನಿಸುತ್ತೇವೆ.

ಎರಡು ಪ್ರಶ್ನೆಗಳು

ರಾಮಾಯಣದ ಪುಷ್ಪಕ ವಿಮಾನದಲ್ಲಿ ಎಷ್ಟು ಮಂದಿ ಏರಿ ಕುಳಿತರೂ ಇನ್ನೊಬ್ಬರಿಗೆ ಸ್ಥಳವು ಉಳಿದೇ ಇರುತ್ತಿತ್ತೆಂದು ಹಿರಿಯರು ಕಥೆ ಹೇಳುವುದನ್ನು ನೀವೆಲ್ಲರೂ ಕೇಳಿದ್ದೀರಿ. ಮನುಷ್ಯನು ನಿರ್ಮಿಸಿದ ವಿಮಾನಕ್ಕೆ ಆ ವರವಿಲ್ಲ. ಅದು ನೆಲವನ್ನು ಬಿಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರವು ದೊರೆತಿರಲೇಬೇಕು. ಒಟ್ಟು ಭಾರವೆಷ್ಟು ಎಂಬುದು ಮೊದಲನೆಯದು. ಆ ಭಾರವು ಎಲ್ಲೆಲ್ಲಿ ಕುಳಿತಿದೆ ಎಂಬುದು ಎರಡನೆಯದು.

ಮೊದಲನೆಯ ಪ್ರಶ್ನೆಯು ಎಲ್ಲರಿಗೂ ಹೊಳೆಯುವಂಥದು. ಎರಡನೆಯದು ಹಾಗಲ್ಲ. ಒಟ್ಟು ಭಾರವು ಮಿತಿಯೊಳಗೇ ಇದ್ದರೂ ಅದು ಕುಳಿತ ಸ್ಥಳವು ತಪ್ಪಿದ್ದರೆ ವಿಮಾನವು ಹಾರಲು ಯೋಗ್ಯವಲ್ಲ. ಈ ಲೇಖನದ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ. ಉಳಿದುದೆಲ್ಲವೂ ಅದರ ವಿವರಣೆಯೆಂದು ತಿಳಿಯಬೇಕು.

ಗಾಡಿಯು ಕಲಿಸಿದ ಪಾಠ

ವಿಮಾನದ ಮಾತಿಗೆ ಮೊದಲು ಎತ್ತಿನ ಗಾಡಿಯನ್ನು ನೆನೆಯೋಣ. ನಿಮ್ಮಲ್ಲಿ ಅನೇಕರು ಅದನ್ನು ಚಿತ್ರದಲ್ಲಿ ಮಾತ್ರ ಕಂಡಿರಬಹುದು. ನಮ್ಮ ಬಾಲ್ಯದಲ್ಲಿ ಬಾವಲಿಯಾಚೆ ಹೆಗ್ಗಡದೇವನಕೋಟೆಯ ಕಡೆಗೆ ಹೋದಾಗಲೆಲ್ಲ ಹುಲ್ಲು, ರಾಗಿ, ಸೌದೆಗಳನ್ನು ಹೇರಿಕೊಂಡ ಗಾಡಿಗಳು ಸಾಲಾಗಿ ಸಾಗುವುದನ್ನು ನೋಡುತ್ತಿದ್ದೆವು. ಗಾಡಿಗೆ ಎರಡೇ ಚಕ್ರ, ನಡುವೆ ಅಚ್ಚು, ಮುಂದೆ ಮೂಕಿ, ಮೂಕಿಯ ತುದಿಗೆ ನೊಗ, ನೊಗದಡಿಯಲ್ಲಿ ಎತ್ತುಗಳ ಹೆಗಲು.

ಗಾಡಿ ಹೊಡೆಯುವವನು ಮೂಟೆಗಳನ್ನು ಹೇರಿದ ಮೇಲೆ ನೊಗವನ್ನು ಕೈಯಿಂದ ಒಮ್ಮೆ ಎತ್ತಿ ನೋಡುತ್ತಿದ್ದನು. ಮೂಟೆಗಳು ಅಚ್ಚಿನ ಹಿಂದಕ್ಕೆ ಹೆಚ್ಚಾಗಿ ಬಿದ್ದಿದ್ದರೆ ಮೂಕಿಯು ಮೇಲೇಳುವುದು, ನೊಗದ ಹಗ್ಗವು ಎತ್ತುಗಳ ಕೊರಳನ್ನು ಬಿಗಿಯುವುದು. ಇದನ್ನು ಹಿಂಭಾರವೆಂದು ಕರೆಯುತ್ತಿದ್ದರು. ಮೂಟೆಗಳು ಮುಂದಕ್ಕೆ ಹೆಚ್ಚಾಗಿದ್ದರೆ ನೊಗವು ಎತ್ತುಗಳ ಹೆಗಲನ್ನು ಅಮುಕುವುದು. ಇದು ಮುಂಭಾರ. ಹೇರಿದ್ದು ಅದೇ ಹತ್ತು ಮೂಟೆ; ಹೆಚ್ಚಲ್ಲ, ಕಡಿಮೆಯಲ್ಲ. ಒಂದೆರಡು ಮೂಟೆಗಳನ್ನು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಸರಿಸಿದೊಡನೆ ಗಾಡಿಯು ಹಗುರಾದಂತೆ ನಡೆಯುತ್ತಿತ್ತು. ಓದು ಬರಹ ಬಾರದ ಆ ರೈತನು ಇಂದಿನ ವಿಮಾನಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಬಲ್ಲವನಾಗಿದ್ದನು.

ಗಾಡಿಯನ್ನು ನೋಡದವರು ಕುರುವಾ ದ್ವೀಪದ ಬಳಿ ಕಬಿನಿಯ ನೀರಿನಲ್ಲಿ ಬಿದಿರಿನ ತೆಪ್ಪವನ್ನು ನೆನೆಯಬಹುದು. ಎಲ್ಲರೂ ಒಂದೇ ಬದಿಗೆ ಕುಳಿತರೆ ಆ ಬದಿಯು ನೀರಿಗೆ ಬಾಗುವುದು. ತೆಪ್ಪ ನಡೆಸುವವನು "ನೀವು ಈ ಕಡೆ, ನೀವು ಆ ಕಡೆ" ಎಂದು ಕೂರಿಸುವುದು ದರ್ಪದಿಂದಲ್ಲ, ಸಮತೋಲದ ಸಲುವಾಗಿ.

ಸನ್ನೆಯ ನಿಯಮ

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಪಂಡಿತನಾದ ಆರ್ಕಿಮಿಡೀಸನು ಸನ್ನೆಯ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದನು. ಅಡ್ಡಮರದ ಮೇಲೆ ಹಲಗೆಯನ್ನಿಟ್ಟು ಇಬ್ಬರು ಹುಡುಗರು ಏರಿಳಿಯುವ ಆಟವನ್ನು ನೆನೆಯಿರಿ. ೩೦ ಕಿಲೋ ತೂಕದ ಹುಡುಗನು ಅಡ್ಡಮರದಿಂದ ೨ ಮೀಟರ್ ದೂರದಲ್ಲಿ ಕುಳಿತರೆ, ೪೦ ಕಿಲೋ ತೂಕದವನು ೧.೫ ಮೀಟರ್ ದೂರದಲ್ಲಿ ಕುಳಿತು ಅವನನ್ನು ಸರಿದೂಗಿಸಬಲ್ಲನು. ಏಕೆಂದರೆ ೩೦ ಗುಣಿಸು ೨ ಎಂದರೆ ೬೦. ೪೦ ಗುಣಿಸು ೧.೫ ಎಂದರೂ ೬೦.

ಭಾರವನ್ನು ದೂರದಿಂದ ಗುಣಿಸಿದಾಗ ಬರುವ ಈ ಸಂಖ್ಯೆಯು ಆ ಭಾರಕ್ಕೆ ಹಲಗೆಯನ್ನು ತಿರುಗಿಸುವ ಶಕ್ತಿ ಎಷ್ಟೆಂಬುದನ್ನು ತಿಳಿಸುತ್ತದೆ. ಇದಕ್ಕೆ ಮೊಮೆಂಟ್ ಎಂದು ಹೆಸರು. ಆದುದರಿಂದ ದೂರದಲ್ಲಿಟ್ಟ ಚಿಕ್ಕ ಭಾರವು ಹತ್ತಿರದಲ್ಲಿಟ್ಟ ದೊಡ್ಡ ಭಾರಕ್ಕೆ ಸಮನಾಗಬಹುದು. ಇನ್ನು, ಒಂದು ವಸ್ತುವಿನ ಭಾರವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡಿದೆಯೋ ಎಂಬಂತೆ ವರ್ತಿಸುವ ಸ್ಥಳವೊಂದಿದೆ. ಅದನ್ನು ಗುರುತ್ವಕೇಂದ್ರವೆಂದು ಕರೆಯುತ್ತೇವೆ. ಅಡಿಕೋಲನ್ನು ಬೆರಳ ಮೇಲೆ ಬೀಳದಂತೆ ನಿಲ್ಲಿಸಿದಾಗ ನಿಮ್ಮ ಬೆರಳು ಅದರ ಗುರುತ್ವಕೇಂದ್ರದ ಕೆಳಗಿರುತ್ತದೆ. ಅಡಿಕೋಲಿನ ಒಂದು ತುದಿಗೆ ನಾಣ್ಯವನ್ನಿಟ್ಟರೆ ಬೆರಳನ್ನು ಆ ತುದಿಯತ್ತ ಸರಿಸಬೇಕಾಗುವುದು. ಭಾರವನ್ನು ಸೇರಿಸಿದಾಗ ಗುರುತ್ವಕೇಂದ್ರವು ಅದರ ಕಡೆಗೆ ನಡೆಯುವುದೆಂಬುದಕ್ಕೆ ಇದೇ ಸಾಕ್ಷಿ.

ಆಕಾಶದಲ್ಲಿ ತೂಗುವ ತಕ್ಕಡಿ

ವಿಮಾನವನ್ನು ಮೇಲೆ ಹಿಡಿದಿರುವುದು ಅದರ ರೆಕ್ಕೆಗಳ ಮೇಲೆ ಗಾಳಿಯು ಉಂಟುಮಾಡುವ ಎತ್ತುಬಲ. ಭಾರವು ಕೆಳಗೆ ಎಳೆಯುತ್ತದೆ, ಎತ್ತುಬಲವು ಮೇಲಕ್ಕೆ ಎತ್ತುತ್ತದೆ. ವೇಗವು ಹೆಚ್ಚಿದಂತೆ ಎತ್ತುಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದು. ಎಂದರೆ ಭಾರವು ನೂರಕ್ಕೆ ೨೧ರಷ್ಟು ಹೆಚ್ಚಿದ ವಿಮಾನವು ನೆಲ ಬಿಡಲು ನೂರಕ್ಕೆ ೧೦ರಷ್ಟು ಹೆಚ್ಚಿನ ವೇಗವನ್ನು ಪಡೆಯಬೇಕು. ಅಷ್ಟು ವೇಗಕ್ಕೆ ಉದ್ದವಾದ ಓಡುದಾರಿಯು ಬೇಕು. ಮೇಲೇರುವ ಗತಿಯು ಮಂದವಾಗುವುದು. ಇಳಿಯುವಾಗ ಚಕ್ರಗಳಿಗೂ ತಡೆಗಳಿಗೂ ಶ್ರಮವು ಹೆಚ್ಚುವುದು. ಬೇಸಗೆಯ ಬಿಸಿಲಿನಲ್ಲಿಯೂ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂತಹ ಊರಿನಲ್ಲಿಯೂ ಗಾಳಿಯು ತೆಳುವಾಗಿರುವುದರಿಂದ ಈ ಕಷ್ಟವು ಇನ್ನಷ್ಟಾಗುವುದು. ಇದು ಮೊದಲನೆಯ ಪ್ರಶ್ನೆಗೆ, ಎಂದರೆ "ಭಾರವೆಷ್ಟು" ಎಂಬುದಕ್ಕೆ, ಸೇರಿದ ವಿಚಾರ.

ಈಗ ಎರಡನೆಯದನ್ನು ನೋಡೋಣ. ಸಾಮಾನ್ಯ ವಿಮಾನಗಳಲ್ಲಿ ಗುರುತ್ವಕೇಂದ್ರವು ರೆಕ್ಕೆಯ ಎತ್ತುಬಲವು ನಾಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ಇರುವಂತೆ ರಚಿಸುತ್ತಾರೆ. ಇದರಿಂದ ವಿಮಾನದ ಮೂತಿಯು ಕೆಳಗೆ ಬಾಗಲು ಹವಣಿಸುವುದು. ಅದನ್ನು ತಡೆಯಲು ಬಾಲದಲ್ಲಿರುವ ಚಿಕ್ಕ ಅಡ್ಡರೆಕ್ಕೆಯು ಬಾಲವನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಆ ಅಡ್ಡರೆಕ್ಕೆಯ ಹಿಂಬದಿಗೆ ಕದದಂತೆ ಮೇಲೆ ಕೆಳಗೆ ಆಡುವ ಹಲಗೆಯೊಂದು ಇರುವುದು. ಅದರ ಹೆಸರು ಎಲಿವೇಟರ್. ಚಾಲಕನು ಅದನ್ನು ಆಡಿಸಿ ಮೂತಿಯನ್ನು ಎತ್ತುತ್ತಾನೆ, ಇಳಿಸುತ್ತಾನೆ. ಬಾಲವು ಗುರುತ್ವಕೇಂದ್ರದಿಂದ ಬಹು ದೂರದಲ್ಲಿರುವುದರಿಂದ ಅಲ್ಲಿಯ ಅಲ್ಪ ಬಲವೂ ದೊಡ್ಡ ಕೆಲಸವನ್ನು ಮಾಡಬಲ್ಲದು. ಸನ್ನೆಯ ನಿಯಮವು ಇಲ್ಲಿಯೂ ಅದೇ.

ವಿಮಾನಕ್ಕೆ ಮುಂಭಾರವಾದರೆ ಏನಾಗುವುದು? ಓಡುದಾರಿಯಲ್ಲಿ ಎಷ್ಟು ಓಡಿದರೂ ಮೂತಿಯನ್ನು ಎತ್ತುವುದು ಕಷ್ಟವಾಗುವುದು. ಇಳಿಯುವಾಗಲೂ ಮೂತಿಯನ್ನು ಬೇಕಾದಷ್ಟು ಎತ್ತಿ ಹಿಡಿಯಲಾಗದು. ಬಾಲವು ಹೆಚ್ಚು ಒತ್ತಬೇಕಾಗುವುದರಿಂದ ಇಂಧನವೂ ಹೆಚ್ಚು ವ್ಯಯವಾಗುವುದು. ಹಿಂಭಾರವಾದರೆ? ಮೂತಿಯು ತಾನಾಗಿಯೇ ಮೇಲೇಳಲು ಹವಣಿಸುವುದು. ಮೂತಿಯು ಮಿತಿಮೀರಿ ಎದ್ದಾಗ ರೆಕ್ಕೆಯ ಮೇಲಣ ಗಾಳಿಯ ಹರಿವು ಕದಡಿ ಎತ್ತುಬಲವು ಒಮ್ಮೆಲೇ ಕುಗ್ಗುವುದು. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸಮತೋಲ ಸರಿಯಿರುವ ವಿಮಾನವು ಇಂತಹ ಸಂಕಟದಲ್ಲಿ ಮೂತಿಯನ್ನು ತಗ್ಗಿಸಿ ಚೇತರಿಸಿಕೊಳ್ಳುವುದು. ಹಿಂಭಾರದ ವಿಮಾನಕ್ಕೆ ಆ ಚೇತರಿಕೆಯು ದುರ್ಲಭ. ಆದುದರಿಂದ ಎರಡೂ ದೋಷಗಳಲ್ಲಿ ಹಿಂಭಾರವೇ ಹೆಚ್ಚು ಅಪಾಯಕರವೆಂದು ಬಲ್ಲವರು ಎಣಿಸುತ್ತಾರೆ.

ಇದನ್ನು ನೀವು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾಗದದ ವಿಮಾನವನ್ನು ಮಡಚಿ ಮೂತಿಗೆ ಕಾಗದ ಸಿಕ್ಕಿಸುವ ಒಂದು ತಂತಿಯ ಕ್ಲಿಪ್ಪನ್ನು ಹಾಕಿ ಎಸೆಯಿರಿ. ಅದೇ ಕ್ಲಿಪ್ಪನ್ನು ಬಾಲಕ್ಕೆ ಹಾಕಿ ಎಸೆಯಿರಿ. ಮೂತಿಗೆ ಮೂರು ನಾಲ್ಕು ಕ್ಲಿಪ್ಪುಗಳನ್ನು ಹಾಕಿ ಎಸೆಯಿರಿ. ಮೊದಲನೆಯದು ತೇಲುವುದು, ಎರಡನೆಯದು ಮೂತಿಯೆತ್ತಿ ಪಲ್ಟಿಯಾಗುವುದು, ಮೂರನೆಯದು ನೆಲಕ್ಕೆ ಮುಗ್ಗರಿಸುವುದು. ಇವನ್ನು ಕಣ್ಣಾರೆ ಕಂಡವನಿಗೆ ಮೇಲಿನ ವಿವರಣೆಯು ಮರೆಯುವುದಿಲ್ಲ.

ವಿಮಾನವನ್ನು ತೂಗುವ ಬಗೆ

ವಿಮಾನವನ್ನು ತೂಗಲು ಅದನ್ನು ಬಾಗಿಲು ಮುಚ್ಚಿದ ಕೊಟ್ಟಿಗೆಯೊಳಗೆ, ಗಾಳಿಯು ತಾಗದಂತೆ, ಸಮತಲವಾಗಿ ನಿಲ್ಲಿಸುತ್ತಾರೆ. ಒಂದೊಂದು ಚಕ್ರದ ಕೆಳಗೆ ಒಂದೊಂದು ತೂಕದ ಯಂತ್ರವನ್ನು ಇಡುತ್ತಾರೆ. ಮೂತಿಯ ತುದಿಯನ್ನೋ ಬೇರೊಂದು ಗೊತ್ತಾದ ಸ್ಥಳವನ್ನೋ ಆಧಾರರೇಖೆಯಾಗಿ ಹಿಡಿದು ಎಲ್ಲ ದೂರಗಳನ್ನೂ ಅಲ್ಲಿಂದ ಅಳೆಯುತ್ತಾರೆ. ಪಾಠಕ್ಕಾಗಿ ನಾವು ಕಲ್ಪಿಸಿದ ನಾಲ್ಕು ಆಸನಗಳ ಒಂದು ಚಿಕ್ಕ ವಿಮಾನದ ಲೆಕ್ಕವನ್ನು ಮಾಡೋಣ.

ಮೂತಿಯ ಚಕ್ರವು ಆಧಾರರೇಖೆಯಿಂದ ೧ ಮೀಟರ್ ದೂರದಲ್ಲಿದೆ. ಅದರ ಮೇಲಿನ ತೂಕ ೧೨೦ ಕಿಲೋ. ಹಿಂದಿನ ಎರಡು ಚಕ್ರಗಳು ೨.೫ ಮೀಟರ್ ದೂರದಲ್ಲಿವೆ; ಒಂದೊಂದರ ಮೇಲೆ ೨೪೦ ಕಿಲೋ. ಒಟ್ಟು ತೂಕ ೬೦೦ ಕಿಲೋ. ಮೊಮೆಂಟುಗಳ ಮೊತ್ತವು ೧೨೦ ಕೂಡಿಸು ೧೨೦೦, ಎಂದರೆ ೧೩೨೦. ಇದನ್ನು ೬೦೦ರಿಂದ ಭಾಗಿಸಿದರೆ ೨.೨೦ ಮೀಟರ್. ಬರಿದಾದ ವಿಮಾನದ ಗುರುತ್ವಕೇಂದ್ರವು ಅಲ್ಲಿದೆ.

ಈ ವಿಮಾನವು ಹೊರಬಹುದಾದ ಗರಿಷ್ಠ ಒಟ್ಟು ಭಾರವು ೧೦೦೦ ಕಿಲೋ ಎಂದೂ, ಗುರುತ್ವಕೇಂದ್ರವು ೨.೧೫ ಮೀಟರಿನಿಂದ ೨.೩೨ ಮೀಟರಿನವರೆಗೆ ಮಾತ್ರ ಇರತಕ್ಕದ್ದೆಂದೂ ಇಟ್ಟುಕೊಳ್ಳೋಣ. ಈಗ ಪ್ರಯಾಣಕ್ಕೆ ಸಿದ್ಧಮಾಡೋಣ.

ಬರಿದಾದ ವಿಮಾನ: ೬೦೦ ಕಿಲೋ × ೨.೨೦ ಮೀಟರ್ = ೧೩೨೦
ಮುಂದಿನ ಇಬ್ಬರು: ೧೪೦ ಕಿಲೋ × ೨.೦ ಮೀಟರ್ = ೨೮೦
ಹಿಂದಿನ ಇಬ್ಬರು: ೧೨೦ ಕಿಲೋ × ೨.೮ ಮೀಟರ್ = ೩೩೬
ಇಂಧನ: ೮೦ ಕಿಲೋ × ೨.೪ ಮೀಟರ್ = ೧೯೨
ಹಿಂಬದಿಯ ಸಾಮಾನು: ೨೦ ಕಿಲೋ × ೩.೫ ಮೀಟರ್ = ೭೦
ಒಟ್ಟು: ೯೬೦ ಕಿಲೋ, ಮೊಮೆಂಟ್ ೨೧೯೮

೨೧೯೮ನ್ನು ೯೬೦ರಿಂದ ಭಾಗಿಸಿದರೆ ೨.೨೯ ಮೀಟರ್. ಭಾರವೂ ಮಿತಿಯೊಳಗಿದೆ, ಸ್ಥಾನವೂ ಮಿತಿಯೊಳಗಿದೆ. ವಿಮಾನವು ಹೊರಡಬಹುದು.

ಅಷ್ಟರಲ್ಲಿ ಒಬ್ಬರು ೪೦ ಕಿಲೋ ಕರಿಮೆಣಸಿನ ಮೂಟೆಯೊಂದನ್ನು ತಂದು, "ಇನ್ನೂ ೪೦ ಕಿಲೋಗೆ ಅವಕಾಶವಿದೆಯಷ್ಟೆ?" ಎಂದು ಹಿಂಬದಿಯ ಸಾಮಾನಿನ ಗೂಡಿಗೆ ಹಾಕಿದರೆನ್ನಿ. ಒಟ್ಟು ಭಾರವು ೧೦೦೦ ಕಿಲೋ ಆಗಿ ಮಿತಿಯನ್ನು ಮೀರಲಿಲ್ಲ. ಆದರೆ ಮೊಮೆಂಟಿಗೆ ೧೪೦ ಸೇರಿ ೨೩೩೮ ಆಯಿತು. ಗುರುತ್ವಕೇಂದ್ರವು ಸುಮಾರು ೨.೩೪ ಮೀಟರಿಗೆ ಸರಿಯಿತು. ಮಿತಿಯು ೨.೩೨. ಎರಡೇ ಸೆಂಟಿಮೀಟರ್ ಮೀರಿದೆ, ಆದರೂ ಮೀರಿದೆ. ಭಾರವು ಸರಿಯಿದೆ, ಸ್ಥಳವು ತಪ್ಪಿದೆ. ಈ ವಿಮಾನವು ಹೊರಡಕೂಡದು.

ಅದೇ ಮೂಟೆಯನ್ನು ಮುಂದಿನ ಆಸನಗಳ ಬಳಿ, ೨.೦ ಮೀಟರಿನ ಸ್ಥಳದಲ್ಲಿ ಭದ್ರವಾಗಿ ಕಟ್ಟಲು ಸಾಧ್ಯವಿದ್ದರೆ, ಮೊಮೆಂಟಿಗೆ ಸೇರುವುದು ೮೦ ಮಾತ್ರ. ೨೨೭೮ನ್ನು ೧೦೦೦ದಿಂದ ಭಾಗಿಸಿದರೆ ಸುಮಾರು ೨.೨೮ ಮೀಟರ್. ಮೂಟೆಯು ಅದೇ, ಮೆಣಸು ಅದೇ. ಈಗ ವಿಮಾನವು ಹೊರಡಬಹುದು. ಗಾಡಿಯ ರೈತನು ಮೂಟೆಯನ್ನು ಒಂದು ಗೇಣು ಸರಿಸಿದ್ದೂ ಇದಕ್ಕಾಗಿಯೇ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಹಾರುತ್ತಿರುವಾಗ ಇಂಧನವು ಉರಿದು ಕಡಿಮೆಯಾಗುತ್ತ ಹೋಗುವುದರಿಂದ ಭಾರವೂ ಗುರುತ್ವಕೇಂದ್ರವೂ ಬದಲಾಗುತ್ತಲೇ ಇರುವುವು. ಆದುದರಿಂದ ಹೊರಡುವ ಗಳಿಗೆಯ ಲೆಕ್ಕವಷ್ಟೇ ಸಾಲದು. ಇಳಿಯುವ ಗಳಿಗೆಯ ಲೆಕ್ಕವೂ ಸರಿಯಾಗಿರಬೇಕು.

ಬೆಂಗಳೂರಿನ ವಿಮಾನಗಳು

ಕನ್ನಡ ನಾಡಿಗೆ ಈ ಶಾಸ್ತ್ರವು ಹೊಸದಲ್ಲ. ೧೯೪೦ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ತರಬೇತಿ ವಿಮಾನವು ೧೯೫೧ರ ಆಗಸ್ಟ್ ೫ರಂದು ಮೊದಲ ಬಾರಿಗೆ ಹಾರಿತು. ಅದರಲ್ಲಿ ಗುರುವಿಗೂ ಶಿಷ್ಯನಿಗೂ ಒಬ್ಬರ ಹಿಂದೆ ಒಬ್ಬರಂತೆ ಎರಡು ಆಸನಗಳಿದ್ದುವು. ಇಂತಹ ವಿಮಾನದಲ್ಲಿ ಒಬ್ಬನೇ ಹಾರುವಾಗ ಒಂದು ಆಸನವು ಬರಿದಾಗಿ ಗುರುತ್ವಕೇಂದ್ರವು ಸ್ಥಳಾಂತರಗೊಳ್ಳುವುದು. ಹಾಗಾದಾಗಲೂ ಅದು ಮಿತಿಯೊಳಗೇ ಉಳಿಯುವಂತೆ ವಿನ್ಯಾಸಕಾರರು ಮೊದಲೇ ಲೆಕ್ಕಹಾಕಿರಬೇಕಾಗುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರಚಿಸಿದ ಹಂಸ-೩ ಎಂಬ ಎರಡು ಆಸನಗಳ ವಿಮಾನದ ಗರಿಷ್ಠ ಭಾರವು ೭೫೦ ಕಿಲೋ. ಅದೇ ಪ್ರಯೋಗಾಲಯದ ಸಾರಸ್ ವಿಮಾನವು ೨೦೦೪ರ ಮೇ ೨೯ರಂದು ಮೊದಲು ಹಾರಿದಾಗ, ಅದರ ಬರಿಯ ಭಾರವು ವಿನ್ಯಾಸದಲ್ಲಿ ಉದ್ದೇಶಿಸಿದ್ದಕ್ಕಿಂತ ಒಂದು ಟನ್ನಿನ ಸಮೀಪದಷ್ಟು ಹೆಚ್ಚಾಗಿತ್ತು. ಅಷ್ಟು ಭಾರವನ್ನು ಇಳಿಸುವುದೇ ಮುಂದಿನ ವಿಜ್ಞಾನಿಗಳಿಗೆ ದೊಡ್ಡ ಕೆಲಸವಾಯಿತು. ೨೦೦೭ರಲ್ಲಿ ಹಾರಿದ ಎರಡನೆಯ ಮಾದರಿಯಲ್ಲಿ ಹಗುರವಾದ ಸಂಯುಕ್ತ ವಸ್ತುಗಳನ್ನೂ ಹೆಚ್ಚು ಶಕ್ತಿಯ ಎಂಜಿನುಗಳನ್ನೂ ಬಳಸಿದರು. ವಿಮಾನ ರಚಿಸುವವರ ಪಾಲಿಗೆ ಭಾರವೆಂಬುದು ಮನೆಯ ಖರ್ಚಿನಂತೆ. ಒಂದೊಂದು ತಿರುಪಿನಲ್ಲಿಯೂ ತಂತಿಯಲ್ಲಿಯೂ ಸ್ವಲ್ಪ ಸ್ವಲ್ಪವೇ ಸೇರಿ, ಕೊನೆಗೆ ಮೊತ್ತವನ್ನು ಕಂಡಾಗಲೇ ಗಾಬರಿಯಾಗುವುದು.

೨೦೦೧ರ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಸಂಗತಿಯು ಇನ್ನೂ ಸ್ವಾರಸ್ಯಕರ. ಚುರುಕಾಗಿ ತಿರುಗಬೇಕೆಂಬ ಉದ್ದೇಶದಿಂದ ಅದನ್ನು ತಾನಾಗಿ ಸಮತೋಲಕ್ಕೆ ಮರಳದ ವಿಮಾನವಾಗಿಯೇ ರಚಿಸಿದ್ದಾರೆ. ಗಣಕಯಂತ್ರಗಳು ಕ್ಷಣಕ್ಷಣಕ್ಕೂ ಅದರ ರೆಕ್ಕೆಯ ಹಲಗೆಗಳನ್ನು ತಿದ್ದುತ್ತ ಸಮತೋಲವನ್ನು ಕಾಯುತ್ತವೆ. ಬೆರಳ ತುದಿಯಲ್ಲಿ ಕೋಲನ್ನು ನಿಲ್ಲಿಸಿ ಕೈಯನ್ನು ಆಡಿಸುತ್ತಲೇ ಇರುವ ಹುಡುಗನ ಆಟದಂತೆ ಇದನ್ನು ಭಾವಿಸಬಹುದು.

ಒಂದು ಅಂಕಿಯ ತಪ್ಪು

"ಲೆಕ್ಕದಲ್ಲಿ ಒಂದೇ ಅಂಕಿ ತಪ್ಪಿದೆ, ಗುರುಗಳೇ; ರೀತಿಯೆಲ್ಲ ಸರಿಯಾಗಿದೆ" ಎಂದು ಅಂಕಗಳಿಗಾಗಿ ನಮ್ಮ ಮೇಜಿನ ಬಳಿ ಬರುವ ವಿದ್ಯಾರ್ಥಿಗಳು ಈ ಭಾಗವನ್ನು ಎರಡು ಬಾರಿ ಓದಬೇಕೆಂದು ನಮ್ಮ ಸೂಚನೆ.

೨೦೦೯ರ ಮಾರ್ಚ್ ೨೦ರಂದು ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದಿಂದ ದುಬೈಗೆ ಹೊರಟ ದೊಡ್ಡ ವಿಮಾನವೊಂದರ ಭಾರವು ೩೬೨.೯ ಟನ್. ಲೆಕ್ಕಹಾಕುವ ಯಂತ್ರಕ್ಕೆ ಅದನ್ನು ಕೊಡುವಾಗ ೨೬೨.೯ ಎಂದು ತುಂಬಲಾಯಿತು. ಒಂದೇ ಅಂಕಿ, ಮೂರರ ಬದಲು ಎರಡು. ಯಂತ್ರವು ನೂರು ಟನ್ ಹಗುರವಾದ ವಿಮಾನಕ್ಕೆ ಸಾಕಾಗುವಷ್ಟು ವೇಗವನ್ನೂ ಶಕ್ತಿಯನ್ನೂ ಸೂಚಿಸಿತು. ವಿಮಾನದ ಬಾಲವು ನೆಲಕ್ಕೆ ಉಜ್ಜಿತು. ಓಡುದಾರಿಯ ಕೊನೆಯನ್ನೂ ದಾಟಿ, ಅದು ಕಷ್ಟದಿಂದ ಮೇಲೆದ್ದಿತು. ಚಾಲಕರು ಕೊನೆಯ ಗಳಿಗೆಯಲ್ಲಿ ಪೂರ್ಣ ಶಕ್ತಿಯನ್ನು ಪ್ರಯೋಗಿಸಿ ಮರಳಿ ಬಂದು ಇಳಿಸಿದುದರಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

೧೯೮೩ರ ಜುಲೈ ೨೩ರಂದು ಕೆನಡಾದಲ್ಲಿ ನಡೆದುದು ಮಾನದ ತಪ್ಪು. ಕಿಲೋಗ್ರಾಮುಗಳಲ್ಲಿ ಎಣಿಸಬೇಕಾದ ಇಂಧನವನ್ನು ಪೌಂಡುಗಳ ಲೆಕ್ಕದಲ್ಲಿ ತುಂಬಿದುದರಿಂದ ಬೇಕಾದುದರ ಅರ್ಧಕ್ಕೂ ಕಡಿಮೆ ಇಂಧನದೊಡನೆ ಆ ವಿಮಾನವು ಹಾರಿತು. ನಡುದಾರಿಯಲ್ಲಿ ಎರಡು ಎಂಜಿನುಗಳೂ ಆರಿಹೋದುವು. ಚಾಲಕರ ನೈಪುಣ್ಯದಿಂದ ವಿಮಾನವು ತೇಲುತ್ತ ಬಂದು ಗಿಮ್ಲಿ ಎಂಬಲ್ಲಿ ಇಳಿಯಿತು, ಎಲ್ಲರೂ ಉಳಿದರು. ಉತ್ತರದ ಮುಂದೆ "ಕಿಲೋ" ಎಂದೋ "ಮೀಟರ್" ಎಂದೋ ಬರೆಯದಿದ್ದರೆ ನಾವು ಅಂಕವನ್ನು ಕಳೆಯುವುದೇಕೆಂದು ಇನ್ನು ಯಾರೂ ಕೇಳಲಾರರು.

೨೦೨೦ರ ಜುಲೈ ೨೧ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ವಿಮಾನವೊಂದರಲ್ಲಿ ಇನ್ನೊಂದು ವಿಚಿತ್ರವು ಘಟಿಸಿತು. ಹೆಸರಿನ ಹಿಂದೆ "ಮಿಸ್" ಎಂದಿದ್ದ ೩೮ ಮಂದಿ ವಯಸ್ಕ ಸ್ತ್ರೀಯರನ್ನು ಗಣಕಯಂತ್ರವು ಬಾಲಕಿಯರೆಂದು ಎಣಿಸಿ, ಒಬ್ಬೊಬ್ಬರಿಗೆ ೬೯ ಕಿಲೋ ಹಿಡಿಯುವ ಬದಲು ೩೫ ಕಿಲೋ ಹಿಡಿಯಿತು. ವಿಮಾನದ ನಿಜವಾದ ಭಾರವು ಕಾಗದದ ಮೇಲಿನ ಭಾರಕ್ಕಿಂತ ೧೨೪೪ ಕಿಲೋ ಹೆಚ್ಚಾಗಿತ್ತು. ಅಂದು ಅಪಾಯವೇನೂ ಆಗಲಿಲ್ಲ. ಆದರೆ ಯಂತ್ರಕ್ಕೆ ನಾವು ಹೇಳಿಕೊಟ್ಟದ್ದಷ್ಟೇ ತಿಳಿದಿರುತ್ತದೆ ಎಂಬುದು ಜಗತ್ತಿಗೆ ಮತ್ತೊಮ್ಮೆ ಸ್ಪಷ್ಟವಾಯಿತು.

ಎಲ್ಲ ಕಥೆಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ೨೦೦೩ರ ಜನವರಿ ೮ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ೧೯ ಆಸನಗಳ ಚಿಕ್ಕ ವಿಮಾನವೊಂದು ನೆಲಬಿಟ್ಟೊಡನೆ ಮೂತಿಯೆತ್ತಿ ಕೆಳಗೆ ಬಿದ್ದು, ಅದರಲ್ಲಿದ್ದ ೨೧ ಮಂದಿಯೂ ಮೃತರಾದರು. ತನಿಖೆಯಿಂದ ಎರಡು ಕಾರಣಗಳು ಹೊರಬಿದ್ದುವು. ಎಲಿವೇಟರಿನ ತಂತಿಯನ್ನು ದುರಸ್ತಿಯ ಕಾಲದಲ್ಲಿ ತಪ್ಪಾಗಿ ಬಿಗಿದಿದ್ದುದರಿಂದ ಮೂತಿಯನ್ನು ಬೇಕಾದಷ್ಟು ತಗ್ಗಿಸಲಾಗಲಿಲ್ಲ, ಇದು ಒಂದು. ವಿಮಾನಕ್ಕೆ ಮಿತಿಮೀರಿದ ಹಿಂಭಾರವಾಗಿತ್ತು, ಇದು ಎರಡನ��ಯದು. ಪ್ರಯಾಣಿಕರ ಮತ್ತು ಸಾಮಾನುಗಳ ತೂಕವನ್ನು ಹಳೆಯ ಸರಾಸರಿಯಿಂದ ಊಹಿಸಿದ್ದರು. ನಿಜವಾದ ತೂಕವು ಅದಕ್ಕಿಂತ ಹೆಚ್ಚಾಗಿತ್ತು. ಒಂದು ದೋಷವಿದ್ದಾಗ ತಡೆದುಕೊಳ್ಳಬಹುದಾಗಿದ್ದ ವಿಮಾನವು ಎರಡನೆಯದು ಸೇರಿದಾಗ ತಡೆಯದಾಯಿತು. ಆ ಬಳಿಕ ಅಮೆರಿಕದ ಅಧಿಕಾರಿಗಳು ಸರಾಸರಿ ತೂಕವನ್ನು ಪರಿಷ್ಕರಿಸಿ ಹೆಚ್ಚಿಸಿದರು.

ತಂದೆಯವರ ಪ್ರಶ್ನೆಗೆ ಉತ್ತರ

ಈಗ ಜಗುಲಿಗೆ ಮರಳೋಣ. "ನಾಲ್ಕು ಕಿಲೋ ಒಂದು ಭಾರವೇ?"

ದೊಡ್ಡ ವಿಮಾನವೊಂದು ಒಬ್ಬರ ನಾಲ್ಕು ಕಿಲೋದಿಂದ ಬೀಳುವುದಿಲ್ಲ. ಹಾಗೆಂದು ಹೆದರಿಸುವುದು ವಿಜ್ಞಾನವಲ್ಲ. ಹೆಚ್ಚಿನ ಸಾಮಾನಿಗೆ ಹಣ ಕೇಳುವುದರಲ್ಲಿ ವ್ಯಾಪಾರದ ಲೆಕ್ಕವೂ ಇದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕರನ್ನು ಸಾಮಾನ್ಯವಾಗಿ ಒಬ್ಬೊಬ್ಬರನ್ನಾಗಿ ತೂಗುವುದಿಲ್ಲ. ಕೈಚೀಲವನ್ನೂ ಸೇರಿಸಿ ಒಂದು ಸರಾಸರಿಯನ್ನು ಹಿಡಿಯುತ್ತಾರೆ. ಕೆಳಗಿನ ಗೂಡಿಗೆ ಹೋಗುವ ಪೆಟ್ಟಿಗೆಯ ತೂಕವು ಲೆಕ್ಕದ ಹಾಳೆಯಲ್ಲಿ ಬರೆಯಲ್ಪಡುವುದು. ಕೋಟಿನ ಜೇಬಿನಲ್ಲಿ ಬಚ್ಚಿಟ್ಟ ಉಪ್ಪಿನಕಾಯಿಯ ತೂಕವು ಯಾವ ಹಾಳೆಯಲ್ಲಿಯೂ ಇರುವುದಿಲ್ಲ.

ಈಗ ಗುಣಿಸಿ ನೋಡಿರಿ. ೧೮೦ ಮಂದಿ ಕುಳಿತ ವಿಮಾನದಲ್ಲಿ ಎಲ್ಲರೂ ಆ ಹಿರಿಯರ ಉಪಾಯವನ್ನೇ ಅನುಸರಿಸಿದರೆ ೭೨೦ ಕಿಲೋ. ಎಂದರೆ ಲೆಕ್ಕದಲ್ಲಿಲ್ಲದ ಸುಮಾರು ಹತ್ತು ಮಂದಿ ವಿಮಾನವನ್ನು ಏರಿದಂತೆ. ವಿಮಾನವನ್ನು ರಚಿಸಿದವರು ಇಂತಹ ತಪ್ಪುಗಳಿಗೆ ಸ್ವಲ್ಪ ಅವಕಾಶವನ್ನು ಉಳಿಸಿಯೇ ಇರುತ್ತಾರೆ. ಆದರೆ ಆ ಅವಕಾಶವು ಮಳೆ, ಗಾಳಿ, ಕೆಟ್ಟುಹೋದ ಎಂಜಿನು ಮೊದಲಾದ ಆಪತ್ತುಗಳಿಗಾಗಿ ಕೂಡಿಟ್ಟ ನಿಧಿ. ಅದು ನಮ್ಮೆಲ್ಲರ ಒಟ್ಟು ಆಸ್ತಿ. ಅದರಿಂದ ಯಾರಿಗೂ ಹೇಳದೆ ನಾಲ್ಕು ಕಿಲೋ ತೆಗೆದುಕೊಳ್ಳುವವನು ಪಕ್ಕದ ಆಸನದಲ್ಲಿ ಮಲಗಿರುವ ಹಸುಗೂಸಿನ ಪಾಲನ್ನೂ ತೆಗೆದುಕೊಂಡಂತಾಗುವುದು.

ಹೀಗೆಯೇ, ಅರ್ಧ ತುಂಬಿದ ವಿಮಾನದಲ್ಲಿ ಪರಿಚಾರಕರು "ದಯವಿಟ್ಟು ನಿಮ್ಮ ಆಸನದಲ್ಲಿಯೇ ಕುಳಿತುಕೊಳ್ಳಿ" ಎಂದಾಗ, ಕೆಲವೊಮ್ಮೆ ಕೆಲವರನ್ನು ಹಿಂದಿನಿಂದ ಮುಂದಕ್ಕೆ ಕರೆದಾಗ, ನಾವು ಬೇಸರಿಸದೆ ಒಪ್ಪಬೇಕು. ಅವರು ಅಂದಿನ ಗಾಡಿಯ ಮೂಟೆಗಳನ್ನು ಸರಿಸುತ್ತಿದ್ದಾರೆ. ಆ ಮೂಟೆಗಳಲ್ಲಿ ನಾವೂ ಒಬ್ಬರು.

೨೦೧೮ರ ಡಿಸೆಂಬರ್ ೯ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣವು ತೆರೆದ ಮೇಲೆ, ಘಟ್ಟವನ್ನಿಳಿದರೆ ಆಕಾಶದ ದಾರಿಯು ನಮ್ಮ ವಯನಾಡಿಗೂ ಸಮೀಪವಾಗಿದೆ. ನಿಮ್ಮಲ್ಲಿ ಅನೇಕರು ಪ್ರಯಾಣಿಕರಾಗಿ ಆ ದಾರಿಯನ್ನು ಹಿಡಿಯುವಿರಿ. ಕೆಲವರಾದರೂ ಲೆಕ್ಕದ ಹಾಳೆಗೆ ಸಹಿ ಹಾಕುವವರಾಗಿ, ವಿಮಾನವನ್ನು ತೂಗುವವರಾಗಿ, ರಚಿಸುವವರಾಗಿ ಹೋಗಲಿ ಎಂಬುದು ನಮ್ಮ ಹಾರೈಕೆ. ಅದಕ್ಕೆ ಬೇಕಾದ ಗುಣಾಕಾರ ಭಾಗಾಕಾರಗಳು ನಿಮ್ಮ ಪುಸ್ತಕದಲ್ಲಿ ಈಗಾಗಲೇ ಇವೆ. ಅವುಗಳೊಡನೆ ಬೇಕಾದುದು, ಯಾರೂ ತೂಗದಿದ್ದಾಗಲೂ ಸರಿಯಾದ ತೂಕವನ್ನು ಹೇಳುವ ಮನಸ್ಸು.

ಆ ಹುಡುಗನ ವಿಷಯವನ್ನು ಹೇಳದೆ ಮುಗಿಸಬಾರದು. ಅಂದು ಅವನು ಯಾರೊಡನೆಯೂ ವಾದಿಸಲಿಲ್ಲ. ಪೆಟ್ಟಿಗೆಯನ್ನು ತೆರೆದು, ತಾಯಿಗೆ ನೋವಾಗದಂತೆ ಎಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪ ತೆಗೆದು, ಮತ್ತೆ ತಕ್ಕಡಿಗೆ ಏರಿಸಿದನು. ಮುಳ್ಳು ಮಿತಿಯಲ್ಲಿ ನಿಂತಿತು. ಹೊರತೆಗೆದ ನಾಲ್ಕು ಕಿಲೋದಲ್ಲಿ ಹಪ್ಪಳದ ಒಂದು ಕಟ್ಟು ನಮ್ಮ ಮನೆಗೆ ಬಂದಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಅಭ್ಯಾಸ

೧. ಮೇಲಿನ ಲೆಕ್ಕದಲ್ಲಿ ಮೆಣಸಿನ ಮೂಟೆಯನ್ನು ಮುಂದೆ ಕಟ್ಟಿದ ವಿಮಾನವು ಹಾರುವಾಗ ೬೦ ಕಿಲೋ ಇಂಧನವು ಉರಿದರೆ ಗುರುತ್ವಕೇಂದ್ರವು ಎಲ್ಲಿರುವುದು? ಉತ್ತರವು ೨.೨೭ ಮೀಟರಿಗೆ ಬರಬೇಕು. ಬಾರದಿದ್ದರೆ ಎಲ್ಲಿ ತಪ್ಪಿತೆಂದು ನೀವೇ ಹುಡುಕಿರಿ.

೨. ಮೂಟೆಯು ಬರುವ ಮೊದಲಿನ ಲೆಕ್ಕದಲ್ಲಿ, ಮುಂದೆ ಕುಳಿತ ೭೦ ಕಿಲೋ ತೂಕದವರೊಬ್ಬರೂ ಹಿಂದೆ ಕುಳಿತ ೬೦ ಕಿಲೋ ತೂಕದವರೊಬ್ಬರೂ ಸ್ಥಳವನ್ನು ಬದಲಿಸಿಕೊಂಡರೆ ಗುರುತ್ವಕೇಂದ್ರವು ಯಾವ ಕಡೆಗೆ, ಎಷ್ಟು ಸರಿಯುವುದು?

೩. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರಲ್ಲಿ ಎತ್ತಿನ ಗಾಡಿಯನ್ನು ಹೊಡೆದವರಿದ್ದರೆ, ಅವರು ಮುಂಭಾರ ಹಿಂಭಾರಗಳನ್ನು ಹೇಗೆ ಕಂಡುಹಿಡಿಯುತ್ತಿದ್ದರೆಂದು ಕೇಳಿ ಒಂದು ಪುಟ ಬರೆದು ತನ್ನಿರಿ.